ಧೂಳಿನ ಚಿತ್ರ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಗುರುವಾರ ಸಂಜೆ, ಕೊಲ್ಲಿ ನಾಡಿನ ಹೂರಾ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರ ಟೆರೇಸಿನಲ್ಲಿ ನಶ್ವಾ ಎಂಬ ಹುಡುಗಿ ಪ್ರಶ್ನೆ ಕೇಳುತ್ತ ಕೂತಿದ್ದಳು. ಅವಳೆದುರು ರಾಣಿಯೂ ಇರಲಿಲ್ಲ, ರಾಕ್ಷಸಿಯೂ ಇರಲಿಲ್ಲ. ಮೇಲಿನ ಫ್ಲ್ಯಾಟಿನ ರೋಶೆಲ್ ಆಂಟಿ ಇದ್ದರು. ಡ್ಯೂಟಿಯಲ್ಲಿ ನರ್ಸ್, ರಜೆಯಲ್ಲಿ ಕಲಾವಿದೆ.

“ಆಂಟಿ, ನಿಮ್ಮ ಫೇವರಿಟ್ ಕಲರ್?”

“ಗೊತ್ತಿಲ್ಲ ಮಾರಾಯ್ತಿ.”

“ನಿಮಗೆ ಇನ್‌ಸ್ಪಿರೇಶನ್ ಯಾರು?”

“ಅದೂ ಗೊತ್ತಿಲ್ಲ. ನಿಲ್ಲು, ಚಾ ತರ್ತೇನೆ.”

ನಶ್ವಾಳ ಮುಖ ಬಾಡಿತು. ನಾಳೆ ಕನ್ನಡ ಕ್ಲಾಸಿನ ಗೋಡೆಪತ್ರಿಕೆಗೆ ಕಲಾವಿದೆಯೊಬ್ಬರ ಇಂಟರ್‌ವ್ಯೂ ಬರೆದುಕೊಡುತ್ತೇನೆಂದು ಸೋನಲ್ ಮಿಸ್‌ಗೆ ಮಾತು ಕೊಟ್ಟಿದ್ದಳು. “ನಿಂಗೆ ಆಗದಿದ್ರೆ ಹೇಳು, ಆ ಜಾಗಕ್ಕೆ ನನ್ನ ಫುಟ್‌ಬಾಲ್ ಲೇಖನ ಉಂಟು” ಎಂದು ಕ್ಲಾಸಿನ ಓಲಿವರ್ ಬೇರೆ ಹಲ್ಲು ಕಿಸಿದಿದ್ದ.

ಏಸಿಯ ನೀರು ತೊಟ್ಟಿಕ್ಕುವಲ್ಲಿ ಒಂದು ದೊಡ್ಡ ಗಾಜು ಮಲಗಿತ್ತು. ಮೈತುಂಬ ಧೂಳು! ಮನೆಯಲ್ಲಾದರೆ ಧೂಳುಗಾಳಿ ನಿಂತ ಕೂಡಲೇ ಉಮ್ಮ ಕೈಗೆ ಬಟ್ಟೆ ಕೊಟ್ಟು ಕಿಟಕಿ ಒರೆಸಲು ಹೇಳುತ್ತಾರೆ. ಆಂಟಿಗೆ ಖುಷಿಯಾಗಲಿ ಎಂದು ನಶ್ವಾ ಟಿಶ್ಯೂ ತೆಗೆದು ಗಾಜಿನ ಒಂದು ಮೂಲೆ ಒರೆಸಿದಳು.

“ಅಯ್ಯೋ ನಶ್ವಾ! ಅದೇ ನನ್ನ ಚಿತ್ರ!”

ಚಾ ಹಿಡಿದು ಆಂಟಿ ಬಾಗಿಲಲ್ಲೇ ನಿಂತಿದ್ದರು. ನಶ್ವಾ ಈಗ ಸರಿಯಾಗಿ ನೋಡಿದಳು. ಹನಿ ಬಿದ್ದಲ್ಲೆಲ್ಲ ಧೂಳು ಉಂಗುರವಾಗಿತ್ತು, ಉಂಗುರದೊಳಗೆ ಉಂಗುರ. ತಾನು ಒರೆಸಿದ ಮೂಲೆ ಮಾತ್ರ ಬೋಳು.

ಕಣ್ಣಲ್ಲಿ ನೀರು ಬಂತು. ಮಿಸ್ ಬರೆದುಕೊಟ್ಟ ಪ್ರಶ್ನೆಗಳೆಲ್ಲ ಮರೆತೇಹೋದವು.

“ಆಂಟಿ... ನಿಮಗೆ ತುಂಬಾ ಬೇಜಾರಾಯ್ತಾ?”

“ಆಯ್ತು.” ಆಂಟಿ ಗಾಜಿನ ಪಕ್ಕ ಕೂತರು. “ಈ ಧೂಳುಗಾಳಿ ಬರ್ಲಿ ಅಂತ ಎಷ್ಟು ಕಾದಿದ್ದೆ ಗೊತ್ತುಂಟಾ?”

“ಎಲ್ಲರೂ ಗಾಳಿ ಹೋಗ್ಲಿ ಅಂತಾರಲ್ವಾ? ನೀವ್ಯಾಕೆ ಬರ್ಲಿ ಅಂತೀರಿ?”

ಆಂಟಿ ಅವಳನ್ನೇ ನೋಡಿದರು. ಆಮೇಲೆ ನಕ್ಕರು. “ಇಲ್ಲಿಗೆ ಬಂದ ಹೊಸತರಲ್ಲಿ ದಿನಾ ಒರೆಸ್ತಿದ್ದೆ. ಒಂದು ದಿನ ಸುಸ್ತಾಗಿ ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಗಾಳಿಯೇ ಎಂತದೋ ಬರೆದಿತ್ತು.”

“ನಿಮಗೆ ಬೇಕಾದ ಹಾಗೆ ಬರೀದಿದ್ರೆ?”

“ಆಗ್ಲೇ ಮಜಾ!”

ನಶ್ವಾ ಕೇಳಿದಳು, ಆಂಟಿ ಹೇಳಿದರು. ಚಾ ತಣ್ಣಗಾಯಿತು. “ಈ ಮೂಲೆಗೆ ಏನು ಮಾಡ್ತೀರಿ?” ಎಂದು ಕೊನೆಗೆ ಕೇಳಿದಾಗ ಆಂಟಿ ಭುಜ ಹಾರಿಸಿದರು. “ಇರ್ಲಿ. ಗಾಳಿ ಏನು ಮಾಡ್ತದೆ ನೋಡುವ.”

ಮನೆಗೆ ಬಂದರೆ ಉಮ್ಮ ಬಟ್ಟೆ ಹಿಡಿದು ಕಾಯುತ್ತಿದ್ದರು. ನಶ್ವಾ ಕಿಟಕಿ ಒರೆಸಿದಳು. ಮತ್ತೆ ಕೂತು ಇಂಟರ್‌ವ್ಯೂ ಬರೆದಳು. ‘ನಿಮಗೆ ತುಂಬಾ ಬೇಜಾರಾಯ್ತಾ?’ ಎಂಬುದೇ ಮೊದಲ ಪ್ರಶ್ನೆ.

“ಏ ನಶ್ವಾ, ಕಿಟಕಿಯ ಈ ಒಂದು ಗಾಜು ಯಾಕೆ ಒರೆಸದೆ ಬಿಟ್ಟಿದ್ದೀ?”

“ಅದು ಇನ್ನೂ ಮುಗೀಲಿಲ್ಲ ಉಮ್ಮಾ,” ಎನ್ನುತ್ತ ನಶ್ವಾ ಬರೆದದ್ದನ್ನು ಸೋನಲ್ ಮಿಸ್‌ಗೆ ಕಳಿಸಿಬಿಟ್ಟಳು.