ತಗ್ಗಿದ ಎಡ ಭುಜ

ನಾನು ದರ್ಜಿ. ವರ್ಷಗಟ್ಟಲೆ ಮಷೀನಿಗೆ ಬಾಗಿ ನನ್ನ ಎಡ ಭುಜ ಇಳಿದುಬಿಟ್ಟಿದೆ. ಅದಕ್ಕೇ ನನ್ನ ಶರಟುಗಳಿಗೆ ಮಾತ್ರ ಎಡಗಡೆ ಅರ್ಧ ಇಂಚು ತಗ್ಗಿಸಿ ಕತ್ತರಿಸುತ್ತೇನೆ.

ನದಿಯ ಕಣಿವೆ ನೋಡಲು ಹೊರಟಾಗ ಬಸ್ಸಿನಲ್ಲಿ ಒಬ್ಬರು ಜೊತೆಯಾದರು. ಒಳ್ಳೆಯ ಮಾತುಗಾರ. ಇಬ್ಬರೂ ಬಂಡೆಗಳ ನಡುವೆ ಇಳಿದೆವು. ನೆತ್ತಿ ಸುಡುವ ಬಿಸಿಲಲ್ಲೂ ಅವರ ಒದ್ದೆ ನೀಲಿ ಚೌಕಳಿ ಶರಟು ಒಣಗಲೇ ಇಲ್ಲ. ಪಕ್ಕದಲ್ಲಿ ಕೂತರೆ ಬಾವಿಯೊಳಗಿನ ತಂಪು.

ಕಸುಬಿನ ಚಾಳಿ, ಕಣ್ಣು ಹೊಲಿಗೆಯ ಮೇಲೆ ಹೋಯಿತು. ಎಡಗಡೆ ಅರ್ಧ ಇಂಚು ತಗ್ಗು. ಅವರ ಭುಜವೋ ನೆಟ್ಟಗಿತ್ತು.

"ಯಾರ ಹತ್ರ ಹೊಲಿಸಿದ್ರಿ?" ಅಂದೆ.

"ನಂದಲ್ಲ ಸಾರ್. ಇಲ್ಲೇ ಕೆಳಗೆ, ನೀರಲ್ಲಿದ್ದವರ ಮೈಮೇಲಿತ್ತು. ಅವರಿಗೆ ಇನ್ನು ಬೇಕಾಗಿರಲಿಲ್ಲ."

ಅಂಥ ನೀಲಿ ಚೌಕಳಿ ಬಟ್ಟೆಗೆ ನಾನು ಎಂದೂ ಕತ್ತರಿ ಹಾಕಿದವನಲ್ಲ. ಏನೋ ನೆಪ ಹೇಳಿ ಮೇಲೆ ಹತ್ತಿದವನು ತಿರುಗಿ ನೋಡಲಿಲ್ಲ.

ಮನೆಗೆ ಬಂದರೆ ಹೆಂಡತಿ ನಗುತ್ತಿದ್ದಳು. "ಊರಿಗೆಲ್ಲ ಹೊಲಿದುಕೊಟ್ಟು ನೀವು ಹರಕಲಲ್ಲೇ ಓಡಾಡ್ತೀರಿ. ಅದಕ್ಕೇ ನಿಮ್ಮ ತಮ್ಮನ ಕೈಲಿ ಒಂದು ಹೊಲಿಸಿಟ್ಟೆ. ನಿಮ್ಮ ಅಳತೆ ಅವನಿಗೆ ಗೊತ್ತಲ್ಲ."

ನೀಲಿ ಚೌಕಳಿ. ಇನ್ನೂ ಒಂದು ಸಲವೂ ಒಗೆಯದ ಹೊಸ ಶರಟು, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅದರ ಕೆಳಗೆ ನೆಲದಲ್ಲಿ ನಿಲ್ಲುವ ನೀರನ್ನು ದಿನಾ ಒರೆಸುತ್ತಿದ್ದೇನೆ.