ಅಳಿಸಿಹೋದ ಹೆಸರು

"ರನ್ ಒತ್ತಬೇಡಿ."

ಸಿರಿಯ ಬೆರಳು ಕೀಬೋರ್ಡಿನ ಮೇಲೇ ನಿಂತಿತು. ತಿರುಗಿ ನೋಡಿದರೆ, ಅಂದೇ ಕೆಲಸಕ್ಕೆ ಸೇರಿದ್ದ ಬಸ್ತಿಹಳ್ಳಿಯ ದೇವೇಂದ್ರ. ಇನ್ನೂ ತನ್ನ ಹೆಸರನ್ನೂ ಹೇಳಿಕೊಂಡಿರಲಿಲ್ಲ ಆತ!

ಅದು 2007. ಅರಸೀಕೆರೆಯ ಆ ಪುಟ್ಟ ಸಾಫ್ಟ್‌ವೇರ್ ಕಚೇರಿ, ಹಳ್ಳಿಯ ನರ್ಸುಗಳಿಗಾಗಿ ಮಕ್ಕಳ ಲಸಿಕೆಯ ದಾಖಲೆ ಇಡುವ ಪ್ರೋಗ್ರಾಂ ಮಾಡುತ್ತಿತ್ತು. ತಾಯಿ, ಮಗು, ಲಸಿಕೆ... ಯಾವುದು ಯಾವುದಕ್ಕೆ ಸೇರಬೇಕೆಂಬ ನಕ್ಷೆಯನ್ನು ಸಿರಿ ಮೂರು ತಿಂಗಳು ಕೂತು ಬಿಡಿಸಿದ್ದಳು. ಯಾವ ನಿಯಮದಂತೆ ಮಾರ್ಪಡಿಸಬೇಕೆಂದು ಸೆಟ್ಟಿಂಗ್ ಕೊಟ್ಟು ರನ್ ಒತ್ತಿದರೆ, ಕಂಪ್ಯೂಟರೇ ಆ ನಕ್ಷೆಯಿಂದ ಪ್ರೋಗ್ರಾಂ ಬರೆದುಕೊಡುತ್ತಿತ್ತು.

"ಒಬ್ಬ ತಾಯಿಗೆ ಒಂದೇ ಮಗು ಅಂತ ಸೆಟ್ಟಿಂಗ್ ಇದೆ, ನೋಡಿ" ಎಂದ ದೇವೇಂದ್ರ.

ಅವಳು ನೋಡಲಿಲ್ಲ. ಎಲ್ಲರೆದುರು ತಪ್ಪು ಹಿಡಿದನಲ್ಲ ಎಂಬ ಸಿಟ್ಟಿಗೆ ರನ್ ಒತ್ತಿಯೇಬಿಟ್ಟಳು. ಒಂದೂ ದೋಷ ತೋರಿಸದೆ ಕೆಲಸ ಮುಗಿಯಿತು. ಒಂದು ವಾರ ಅವನೊಡನೆ ಮಾತೇ ಆಡಲಿಲ್ಲ.

ಆದರೆ ಕರೆಂಟ್ ಹೋದಾಗಲೆಲ್ಲ ಇಬ್ಬರೂ ಮೆಟ್ಟಿಲ ಮೇಲೆ ಕೂರಬೇಕಾಗುತ್ತಿತ್ತು. ಮೆಲ್ಲಗೆ ಮಾತು ಶುರುವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಸಿರಿ ಕರೆಂಟ್ ಹೋಗುವುದನ್ನೇ ಕಾಯತೊಡಗಿದ್ದಳು.

ಅಂಥವನೇ ಹೀಗೆ ಮಾಡಬೇಕೆ! ಹಗರೆ ಎಂಬ ಊರಿನ ನರ್ಸಿಗೆ ಪ್ರೋಗ್ರಾಂ ತೋರಿಸುವ ಹಿಂದಿನ ದಿನ ನೋಡಿದರೆ ಅವಳ ಸೆಟ್ಟಿಂಗ್ ಬದಲಾಗಿತ್ತು. ಬದಲಿಸಿದವನು ದೇವೇಂದ್ರ ಎಂದು ಕಂಪ್ಯೂಟರೇ ತೋರಿಸುತ್ತಿತ್ತು. 'ನನ್ನ ಕೆಲಸ ಕಿತ್ತುಕೊಳ್ಳೋಕೆ ಇಷ್ಟು ದಿನ ನಗುನಗುತ್ತಾ ಮಾತಾಡಿದನಾ...' ಎದೆ ಉರಿಯಿತು. ಮೇಲಿನವರಿಗೆ ದೂರು ಕೊಟ್ಟಳು. ಏನು ಬದಲಾಗಿದೆಯೆಂದೂ ನೋಡದೆ ತನ್ನ ಹಳೆಯ ಸೆಟ್ಟಿಂಗನ್ನೇ ಹಾಕಿ ಮತ್ತೆ ಓಡಿಸಿದಳು. ನಾಳೆಯಿಂದ ಬರಬೇಡ ಎಂದು ಮೇಲಿನವರು ಹೇಳಿದಾಗ ದೇವೇಂದ್ರ ವಾದಿಸದೆ ಹೊರಟುಹೋದ.

ಹಗರೆಯಲ್ಲಿ ನರ್ಸ್ ಶಾಂತಾದೇವಿ ಮೊದಲು ಸೇರಿಸಿದ್ದೇ ಅವಳಿ ಹೆಣ್ಣುಮಕ್ಕಳನ್ನು. ಎರಡನೆಯದರ ಹೆಸರು ಬರೆದ ಕೂಡಲೇ ಮೊದಲನೆಯದು ಮಾಯವಾಯಿತು.

"ದೊಡ್ಡದು ಎಲ್ಲೋಯ್ತವ್ವ? ಅದಕ್ಕೇ ಇನ್ನೂ ಲಸಿಕೆ ಹಾಕಿಲ್ಲ."

ಸಿರಿಗೆ ಆಗ ಹೊಳೆಯಿತು. ತಾನು ತಿರುಗಿ ಹಾಕಿದ ಸೆಟ್ಟಿಂಗ್! ಆ ಕೂಸಿಗೆ ಲಸಿಕೆಯೇ ತಪ್ಪಿಹೋಗುತ್ತಿತ್ತಲ್ಲ...

"ತಪ್ಪು ನಂದು, ಸಿಸ್ಟರ್. ಲಸಿಕೆ ಬರೆದಿಡೋ ಹಳೇ ಪುಸ್ತಕ ಈಗ್ಲೇ ಒಳಗಿಡಬೇಡಿ."

ಅಲ್ಲಿಂದ ಹಳೇಬೀಡಿನ ಬಸ್ಸು ಹತ್ತಿದಳು. ಅದರ ಪಕ್ಕದ ಬಸ್ತಿಹಳ್ಳಿಯಲ್ಲಿ ದೇವೇಂದ್ರನನ್ನು ವಿಚಾರಿಸಿದಾಗ ಬಸದಿಯ ಕಡೆ ಕೈ ತೋರಿಸಿದರು. ಜಗಲಿಯ ಮೇಲೆ ಒಬ್ಬನೇ ಕೂತಿದ್ದ ದೇವೇಂದ್ರ ಅವಳನ್ನು ಕಂಡು ಎದ್ದು ನಿಂತ.

"ಯಾಕ್ರೀ ನನಗೆ ಹೇಳ್ಲಿಲ್ಲ?"

"ಮೊದಲ ದಿನ ಹೇಳಿದ್ದಕ್ಕೆ ವಾರ ಮಾತು ಬಿಟ್ರಿ. ಇನ್ನೊಂದ್ಸಲ ಬಿಟ್ಟಿದ್ರೆ ನನಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ಕದ್ದು ಸರಿಮಾಡ್ದೆ. ಅದೂ ತಪ್ಪೇ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತೊಂದೂ ಸಿರಿಗೆ ನೆನಪಾಗಲಿಲ್ಲ. ಕಣ್ಣು ತುಂಬಿ ಬಂತು.

"ಎಲ್ಲರ ಮುಂದೆ ನಾನೇ ನಿಜ ಹೇಳ್ತೀನಿ. ವಾಪಸ್ ಬನ್ನಿ."

"ಕೆಲಸಕ್ಕಾ?"

"ಕೆಲಸಕ್ಕೂ..."

ಅವನು ಜಗಲಿಯಿಂದ ಕೆಳಗಿಳಿದ. "ಸೆಟ್ಟಿಂಗ್ ನಾಳೆ ಇಬ್ರೂ ಕೂತು ಹಾಕೋಣ. ಈಗ ಮನೆಗೆ ಬನ್ನಿ, ಅವ್ವನಿಗೆ ಹೇಳ್ಬೇಕು."

"ಏನಂತ?"

"ನೀವು ಬಂದ್ರಿ ಅಂತ."