ಅಮ್ಮನ ಕಾಯಿಲೆಯ ಹೆಸರು

"ಏನು ತೊಂದರೆ, ತಾಯಿ?"

ಅಮ್ಮ ಬಾಯಿ ತೆರೆಯುವ ಮೊದಲೇ ಮಗಳು ಸಿಯುನ್ ಹೇಳಿಬಿಟ್ಟಳು. "ಹೊಟ್ಟೆ ಹುಣ್ಣು, ಡಾಕ್ಟ್ರೇ! ಬರೀ ಹುಣ್ಣು!"

ನಾಡಿಯ ಮೇಲಿದ್ದ ಮೂರು ಬೆರಳು ಹಾಗೇ ನಿಂತವು. ಗಿಡಮೂಲಿಕೆ ವೈದ್ಯ ಪಾಂಗ್ ಕೈಯುವಾನ್ ತಲೆ ಎತ್ತಿದ. ಅಮ್ಮನ ಬೆನ್ನ ಹಿಂದೆ ನಿಂತವಳ ಕಣ್ಣು ಅಂಗಲಾಚುತ್ತಿತ್ತು... ದಯವಿಟ್ಟು, ಏನೂ ಕೇಳಬೇಡಿ.

ಅವನು ಕೇಳಲಿಲ್ಲ. ಅಮ್ಮನನ್ನು ಹೊರಗಿನ ಬೆಂಚಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದ.

"ಉಗುರು ಕಪ್ಪಾಗಿದೆ. ಎಷ್ಟು ಕೀಮೋ ಆಗಿದೆ?"

ಸಿಯುನ್ ಬೆಚ್ಚಿದಳು. "ಎರಡು. ಅಮ್ಮನಿಗೆ ಅದು ಶಕ್ತಿಯ ಡ್ರಿಪ್ ಅಂತ ಹೇಳಿದ್ದೀವಿ. ಗೊತ್ತಾದ್ರೆ ಎದೆಗುಂದಿಬಿಡ್ತಾಳೆ."

ಗುವಾಂಗ್‌ಝೌನಲ್ಲಿ ಯಾವ ಮನೆಯವರು ಹಾಗೆ ಹೇಳುವುದಿಲ್ಲ? ಅವನಿಗೆ ಅಚ್ಚರಿಯಾಗಲಿಲ್ಲ.

"ಆಸ್ಪತ್ರೆ ರಿಪೋರ್ಟ್ ತನ್ನಿ. ಅಲ್ಲಿನ ಡಾಕ್ಟರನ್ನ ಕೇಳದೆ ಒಂದು ಬೇರೂ ತೂಗಲ್ಲ."

"ಗೋಡೆ ತುಂಬ ರೇಷ್ಮೆ ಪತಾಕೆ ನೇತುಹಾಕಿದ್ದೀರಿ! ಸತ್ತವರನ್ನ ಬದುಕಿಸಿದಿರಿ ಅಂತ ಬರೆದಿದೆ!"

"ಬದುಕಿದವರು ಬರೆಸಿದ್ದು. ಸತ್ತವರ ಮನೆಯವರು ಪತಾಕೆ ತರಲ್ಲವಲ್ಲ. ವಾಕರಿಕೆ ಕಡಿಮೆ ಮಾಡ್ತೀನಿ. ನಾಲ್ಕು ತುತ್ತು ಹೆಚ್ಚು ಉಣ್ಣೋ ಹಾಗೆ ಮಾಡ್ತೀನಿ. ಗೆಡ್ಡೆ ಕರಗಿಸೋದು ನನ್ನ ಕೈಲಿಲ್ಲ."

ಎಂಥ ಒರಟ! ಆದರೂ ಮರುದಿನ ರಿಪೋರ್ಟ್ ಹಿಡಿದು ಬಂದಳು.

ಮೂರನೆಯ ಡ್ರಿಪ್ಪಿನ ಹೊತ್ತಿಗೆ ಅಮ್ಮ ಗಂಜಿಯ ಬಟ್ಟಲನ್ನು ಖಾಲಿ ಮಾಡಿ, ಇನ್ನಷ್ಟು ಬಡಿಸು ಎಂದಳು. ಸಿಯುನ್ ಅಡುಗೆಮನೆಯಲ್ಲಿ ನಿಂತು ಅತ್ತಳು. ಕಷಾಯದ ಪೊಟ್ಟಣ ತರುವ ನೆಪದಲ್ಲಿ ಕೈಯುವಾನ್‌ನ ಮೂಲಿಕೆ ಅಂಗಡಿಗೆ ಹೋದರೆ, ಅವನು ತಕ್ಕಡಿ ಹಿಡಿದ ಪರಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಛೆ, ಅಮ್ಮನಿಗೆ ಇಂಥ ಕಾಯಿಲೆ ಇರುವಾಗ ನನಗೇನಿದು!

ನಾಲ್ಕನೆಯ ಡ್ರಿಪ್ ಮುಗಿದ ಮೇಲೆ ಅಮ್ಮ ಹೇಳಿದಳು. "ಇನ್ನು ಆಸ್ಪತ್ರೆಗೆ ಬರಲ್ಲ ಕಣೇ. ಪಾಂಗ್ ಡಾಕ್ಟ್ರ ಕಷಾಯದಿಂದಲೇ ಹುಣ್ಣು ಮಾಯ್ತಿದೆ. ಆ ಶಕ್ತಿಯ ಡ್ರಿಪ್ ಹಾಕಿಸ್ಕೊಂಡಾಗೆಲ್ಲ ಇದ್ದ ಶಕ್ತಿಯೂ ಹೋಗುತ್ತೆ!"

ಸಿಯುನ್ ಕಂಗೆಟ್ಟಳು. ತಾನೇ ಹೆಣೆದ ಸುಳ್ಳು! ಇನ್ನೂ ಎರಡು ಡ್ರಿಪ್ ಬಾಕಿ ಇದ್ದವು. ಈಗ ನಿಲ್ಲಿಸಿದರೆ...

ಅಂಗಡಿಗೆ ಓಡಿದಳು. "ಡ್ರಿಪ್ ಇಲ್ಲದಿದ್ರೆ ಕಷಾಯ ಹತ್ತಲ್ಲ ಅಂತ ಹೇಳಿಬಿಡಿ! ನಿಮ್ಮ ಮಾತು ಕೇಳ್ತಾಳೆ."

"ನಾಡಿ ಹಿಡ್ಕೊಂಡು ಸುಳ್ಳು ಹೇಳಲ್ಲ. ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪಾಯ್ತು. ನಿಜ ಹೇಳಿ, ಸಿಯುನ್."

"ನಿಮ್ಮಮ್ಮ ಆಗಿದ್ರೆ?"

ಅವನ ಮುಖ ಬಿಳಿಚಿತು. ಅವನು ತಕ್ಕಡಿಯತ್ತ ತಿರುಗಿಕೊಂಡ.

ಗುರುವಾರ, ಐದನೆಯ ಡ್ರಿಪ್ಪಿನ ದಿನ. ಬೆಳಗ್ಗೆ ನೋಡಿದರೆ ಅಮ್ಮನ ಹಾಸಿಗೆ ಖಾಲಿ! ಫೋನ್ ಮನೆಯಲ್ಲೇ ಇತ್ತು. ಮಾರುಕಟ್ಟೆ, ನದಿ ದಂಡೆ, ಎಲ್ಲೂ ಇಲ್ಲ. ಕೊನೆಗೆ ಅಂಗಡಿಯ ಗಾಜಿನಾಚೆ ಕಂಡಳು. ಅಮ್ಮ ಅಳುತ್ತಿದ್ದಳು. ಅವಳ ಕೈ ಕೈಯುವಾನ್‌ನ ಕೈಯಲ್ಲಿತ್ತು.

"ಹೇಳಿಬಿಟ್ಟಿರಾ?" ಸಿಯುನ್ ಕಿರುಚಿದಳು. "ನಿಮ್ಮನ್ನ ನಂಬಿದ್ದೆ! ಇನ್ನು ನಿಮ್ಮ ಮುಖ ನೋಡಲ್ಲ!"

ಅವನು ಏನೋ ಹೇಳಹೋಗಿ, ನಿಲ್ಲಿಸಿದ. ಸಿಯುನ್ ಅಮ್ಮನ ತೋಳು ಹಿಡಿದು ಹೊರಗೆ ಕರೆತಂದಳು.

ಬಸ್ ನಿಲ್ದಾಣದಲ್ಲಿ ಅಮ್ಮ ಕೂತುಬಿಟ್ಟಳು.

"ಆ ಹುಡುಗ ಏನೂ ಹೇಳಲಿಲ್ಲ. ಎರಡು ತಿಂಗಳಿಗೆ ಕಷಾಯ ಕೊಡಪ್ಪ, ಡ್ರಿಪ್ ಬಿಟ್ಟೆ ಅಂದೆ. ಕೊಡಲ್ಲ ಅಂದ. ಯಾಕೆ ಅಂದ್ರೆ, 'ನಿಮ್ಮ ಮಗಳನ್ನ ಕೇಳಿ ತಾಯಿ, ಅವಳಿಗೆ ನಿಮ್ಮ ಮೇಲಿರೋ ಪ್ರೀತಿ ಅವಳ ಬಾಯಿ ಕಟ್ಟಿದೆ' ಅಂದ." ಅಮ್ಮ ಮಗಳ ಗಲ್ಲ ಎತ್ತಿದಳು. "ನನಗೂ ಅನುಮಾನ ಇತ್ತು ಕಣೇ. ನೀನು ನಗ್ತಾ ಇದ್ದೆಯಲ್ಲ... ನಂಬೋಣ ಅನ್ನಿಸ್ತು. ಈಗ ನೀನೇ ಹೇಳು. ನನ್ನ ಕಾಯಿಲೆ ಹೆಸರೇನು?"

ಒಂದು ಬಸ್ ಬಂತು. ಹೋಯಿತು.

"ಕ್ಯಾನ್ಸರ್, ಅಮ್ಮ."

ಅಮ್ಮ ಮೂಗು ಒರೆಸಿಕೊಂಡಳು. "ಎಷ್ಟು ಡ್ರಿಪ್ ಉಳಿದಿದೆ?"

"ಎರಡು."

"ಮತ್ತೆ ಇಲ್ಲೇನು ಕೂತಿದ್ದೀಯಾ? ಏಳು! ಇವತ್ತಿನದು ಮುಗಿದ ಮೇಲೆ ಹೋಗಿ ಆ ಹುಡುಗನ ಕ್ಷಮೆ ಕೇಳು. ರಸ್ತೆಗೆಲ್ಲ ಕೇಳೋ ಹಾಗೆ ಬೈದೆ, ಹೆಮ್ಮಾರಿ!"

ಕ್ಷಮೆ ಕೇಳಲು ಅವಳು ಅಂಗಡಿವರೆಗೆ ಹೋಗಬೇಕಾಗಲಿಲ್ಲ. ಅಮ್ಮನಿಗೆ ಸೂಜಿ ಚುಚ್ಚಿ ಅರ್ಧ ಗಂಟೆಯಾಗಿತ್ತು. ವಾರ್ಡಿನ ಹೊರಗೆ, ಗೋಡೆಗೆ ಒರಗಿ ಕೈಯುವಾನ್ ನಿಂತಿದ್ದ.

"ಬೈದದ್ದಕ್ಕೆ... ಸುಮ್ಮನೆ ಯಾಕೆ ಬೈಸಿಕೊಂಡಿರಿ?"

"ನಾನು ಬಾಯಿಬಿಟ್ಟಿದ್ರೆ ಎಲ್ಲ ಹೊರಗೆ ಬರ್ತಿತ್ತು. ಆ ಹೆಸರು ನಿಮ್ಮ ಬಾಯಿಂದ ಬರಲಿ ಅಂತ ಸುಮ್ಮನಾದೆ." ಅವನು ವಾರ್ಡಿನ ಬಾಗಿಲತ್ತ ನೋಡಿದ. "ನೀವು ಕೇಳಿದ್ರಲ್ಲ, ನಿಮ್ಮಮ್ಮ ಆಗಿದ್ರೆ ಅಂತ. ನಮ್ಮಮ್ಮನಿಗೂ ಇದೇ ಆಗಿತ್ತು. ನಾವೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹಾಗೇ ಹೋದಳು."

ಸಿಯುನ್ ಮೆಲ್ಲಗೆ ಅವನ ಪಕ್ಕ ಗೋಡೆಗೆ ಒರಗಿದಳು.

"ಅಮ್ಮ ಉಳೀತಾಳಾ?"

"ಗೊತ್ತಿಲ್ಲ, ಸಿಯುನ್."

"ಇದೊಂದು ಸಲ ಸುಳ್ಳು ಹೇಳಬಾರದಾ?"

"ನಿಮ್ಮ ಹತ್ತಿರ ಆಗಲ್ಲ."

"ನನಗೆ ತುಂಬ ಭಯ ಆಗ್ತಿದೆ..."

"ನನಗೂ."

"ಡಾಕ್ಟ್ರಿಗೂ ಭಯವಾ?"

"ಡಾಕ್ಟ್ರಿಗಲ್ಲ." ಅವನು ಅವಳ ಕೈ ಹಿಡಿದ. ಈ ಸಲ ಬೆರಳುಗಳು ನಾಡಿ ಹುಡುಕಲಿಲ್ಲ. "ನಿಮ್ಮನ್ನ ಪ್ರೀತಿಸೋನಿಗೆ."